ಅರ್ಧ ಉಳಿದ ರೋಲು

ನಮ್ಮ ಮನೆಯಲ್ಲಿ ಫೋಟೊ ತೆಗೆಯುವುದು ಅವರು, ಫಿಲ್ಮು ತೊಳೆಯುವುದು ನಾನು. ಮದುವೆಯಾದ ಹೊಸತರಲ್ಲೇ ಈ ಹಂಚಿಕೆ ಆಗಿಹೋಗಿತ್ತು. ಅವರು ಬಹರೈನಿನ ಒಂದು ಆಫೀಸಿನಲ್ಲಿ ಕಟ್ಟಡಗಳ ನಕ್ಷೆ ಬರೆಯುತ್ತಿದ್ದರು. ನಾನು ಶಿರ್ವದ ಕಡೆ ಒಂದು ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಒಮ್ಮೆ ರಜೆಗೆ ಬಂದಾಗ ಎಲ್ಲರ ಗಂಡಂದಿರ ಹಾಗೆ ಸೆಂಟು, ಸಾಬೂನು, ದಪ್ಪ ಕಂಬಳಿ ತಂದರು; ಅದರ ಜೊತೆಗೆ ಯಾರೋ ಮಾರಿದ ಹಳೆಯ ಕ್ಯಾಮೆರಾವನ್ನೂ ತಂದರು. "ನೀನು ಕೆಮಿಸ್ಟ್ರಿ ಟೀಚರ್ ಅಲ್ವಾ, ತೊಳೆಯುವ ಕೆಲಸ ನಿನ್ನದು" ಎಂದರು. ಆ ಕೆಲಸ ಇವತ್ತಿನವರೆಗೂ ನನ್ನ ತಲೆಯಿಂದ ಇಳಿದಿಲ್ಲ.

ಕ್ಯಾಮೆರಾ ಎಂದರೆ ನೋಡಲಿಕ್ಕೆ ಒಂದು ಕರಿಯ ಪೆಟ್ಟಿಗೆ. ಮುಂದುಗಡೆ ಒಂದರ ಮೇಲೊಂದು ಎರಡು ಕಣ್ಣು. ಮೇಲಿನ ಕಣ್ಣು ನಮಗೆ ನೋಡಲಿಕ್ಕೆ, ಕೆಳಗಿನದು ಫಿಲ್ಮಿಗೆ. ಅದನ್ನು ಮುಖದ ಹತ್ತಿರ ಹಿಡಿಯುವ ಹಾಗಿಲ್ಲ. ಹೊಟ್ಟೆಯ ಹತ್ತಿರ ಹಿಡಿದು, ಮೇಲಿನ ಮುಚ್ಚಳ ತೆರೆದು, ತಲೆ ಬಗ್ಗಿಸಿ ಒಳಗಿನ ಗಾಜನ್ನು ನೋಡಬೇಕು. ಆ ಗಾಜಿನಲ್ಲಿ ಇಡೀ ಪೇಟೆ ಚೌಕವಾಗಿ ಕಾಣುತ್ತದೆ, ಆದರೆ ಎಡ ಬಲ ತಿರುಗುಮುರುಗು. ಎಡಗಡೆಗೆ ಹೋಗುವ ಬಸ್ಸು ಗಾಜಿನಲ್ಲಿ ಬಲಗಡೆಗೆ ಹೋಗುತ್ತದೆ. ಫಿಲ್ಮು ಸಣ್ಣ ಕ್ಯಾಮೆರಾಗಳ ಫಿಲ್ಮಿಗಿಂತ ಎಷ್ಟೋ ಅಗಲ, ಒಂದು ರೋಲಿಗೆ ಹನ್ನೆರಡೇ ಚಿತ್ರ.

ಈಗ ಇಬ್ಬರೂ ನಿವೃತ್ತರು, ಉಡುಪಿಯ ಹತ್ತಿರ ಸಂತೆಕಟ್ಟೆಯಲ್ಲಿ ಮನೆ. ಜಗತ್ತೆಲ್ಲ ಫೋನಿನಲ್ಲಿ ಫೋಟೊ ತೆಗೆಯುತ್ತಿರುವಾಗ ನಮ್ಮ ಮನೆಗೆ ಮುಂಬಯಿಯಿಂದ ಕೊರಿಯರ್‌ನಲ್ಲಿ ಫಿಲ್ಮು ಬರುತ್ತದೆ. ಅದು ಫ್ರಿಜ್ಜಿನಲ್ಲಿ ಬಂಗುಡೆ ಮೀನಿನ ಪಕ್ಕದಲ್ಲೇ ಇರುತ್ತದೆ. ತೊಳೆಯುವ ದ್ರಾವಣದ ಬಾಟಲಿಯೂ ಅಲ್ಲೇ. ಮಣಿಪಾಲದಲ್ಲಿರುವ ಮಗಳು ಬಂದರೆ, "ಮಮ್ಮಿ, ಇದರಲ್ಲಿ ಸಾರು ಯಾವುದು, ವಿಷ ಯಾವುದು, ಮೊದಲು ಹೇಳಿ" ಎಂದು ಕೇಳಿಯೇ ಬಾಗಿಲು ತೆರೆಯುತ್ತಾಳೆ. ದ್ರಾವಣ ಇಪ್ಪತ್ತು ಡಿಗ್ರಿಯಲ್ಲಿರಬೇಕು ಎಂದು ಡಬ್ಬಿಯ ಮೇಲೆ ಬರೆದ ಪುಣ್ಯಾತ್ಮ ಏಪ್ರಿಲ್ ತಿಂಗಳಲ್ಲಿ ಉಡುಪಿಗೆ ಬಂದವನಲ್ಲ. ನಮ್ಮ ಟ್ಯಾಂಕಿನ ನೀರಿನಲ್ಲಿ ಆಗ ಅಕ್ಕಿ ಹಾಕಿದರೆ ಗಂಜಿಯಾದೀತು. ನಾನು ಬಚ್ಚಲುಮನೆಯ ಕಿಂಡಿಗೆ ಹಳೆಯ ಕಂಬಳಿ ತೂಗುಹಾಕಿ, ಬಕೆಟ್ಟಿಗೆ ಐಸ್ ಸುರಿದು, ಥರ್ಮಾಮೀಟರ್ ಹಿಡಿದು ಕೂರುತ್ತೇನೆ. ಆ ಹೊತ್ತಿಗೆ ಯಾರಾದರೂ ಬಾಗಿಲು ಬಡಿದರೆ ಅವರ ಗತಿ ದೇವರಿಗೇ ಪ್ರೀತಿ.

ಅವರು ತೆಗೆಯುವುದು ಪೇಟೆಯ ಚಿತ್ರಗಳನ್ನು ಮಾತ್ರ. ಅದರಲ್ಲೂ ಒಂದು ಹಟ ಉಂಟು. ಕಾಪುವಿಗೆ ಹೋದರೆ ಎಲ್ಲರೂ ದೀಪಸ್ತಂಭದ ಫೋಟೊ ತೆಗೆಯುತ್ತಾರೆ. ಇವರು ಅದಕ್ಕೆ ಬೆನ್ನು ಹಾಕಿ ಪೇಟೆಯ ಕಡೆ ತಿರುಗುತ್ತಾರೆ. ಕಾರ್ಕಳದಲ್ಲಿ ಗೊಮ್ಮಟನಿಗೆ ಬೆನ್ನು, ಉಡುಪಿಯಲ್ಲಿ ರಥಬೀದಿಗೆ ಬೆನ್ನು. ಅರ್ಧ ಎಳೆದ ಶಟರು, ವಯರುಗಳ ಗೋಜಲು, ಸರ್ವಿಸ್ ಬಸ್‌ಸ್ಟ್ಯಾಂಡಿನಲ್ಲಿ ಚೀಲದ ಮೇಲೆ ಕೂತು ನಿದ್ದೆ ತೂಗುವವರು, ಮಣಿಪಾಲದ ಟೈಗರ್ ಸರ್ಕಲ್‌ನಲ್ಲಿ ಒಂದು ಛತ್ರಿಯಡಿ ಮೂರು ಮಂದಿ ವಿದ್ಯಾರ್ಥಿಗಳು, ಇಂಥದ್ದೆಲ್ಲ ಬೇಕು. "ಚಂದದ್ದನ್ನು ಬೇರೆಯವರು ನೋಡಿಕೊಳ್ತಾರೆ" ಎನ್ನುತ್ತಾರೆ.

ಜನರಿಗೆ ಅವರು ಫೋಟೊ ತೆಗೆಯುತ್ತಿದ್ದಾರೆಂದೇ ಗೊತ್ತಾಗುವುದಿಲ್ಲ. ಕಾಪು ಮಾರ್ಕೆಟ್ಟಿನ ಹತ್ತಿರ ಒಬ್ಬ ಬ್ಯಾರಿ ವ್ಯಾಪಾರಿ ಬಹಳ ಹೊತ್ತು ಇವರನ್ನು ನೋಡಿ, ಎದ್ದು ಬಂದು, ತಾನೂ ಬಗ್ಗಿ ನೆಲ ನೋಡುತ್ತಾ, "ಎಂತ ಬಿದ್ದದ್ದು ಸಾರ್? ಬೀಗದ ಕೈಯಾ?" ಎಂದು ಹುಡುಕಲಿಕ್ಕೆ ಶುರುಮಾಡಿದರಂತೆ. ಉಡುಪಿಯ ಕೋರ್ಟು ರಸ್ತೆಯಲ್ಲಿ ಒಬ್ಬ ವಕೀಲರು ಇವರು ತಲೆ ಬಗ್ಗಿಸಿದ್ದನ್ನು ಕಂಡು ತಮಗೇ ನಮಸ್ಕಾರ ಮಾಡಿದ್ದೆಂದು ತಿಳಿದು ಕೈ ಮುಗಿದು ಹೋದರು. ಆ ಚಿತ್ರ ನಮ್ಮಲ್ಲಿ ಉಂಟು. ಕಪ್ಪು ಕೋಟು, ಮುಗಿದ ಕೈ, ಹಿಂದೆ ಆಟೋಗಳ ಸಾಲು. ನನಗೆ ಬಹಳ ಇಷ್ಟದ್ದು.

ಇದೆಲ್ಲ ನಾನು ಕಂಡದ್ದಲ್ಲ, ಅವರು ಹೇಳಿದ್ದು. ನಾನು ಜೊತೆಗೆ ಹೋಗುತ್ತಿರಲಿಲ್ಲ. ಬಿಸಿಲಲ್ಲಿ ನಿಂತು ಒಬ್ಬ ಮನುಷ್ಯ ಮೋಡ ಸರಿಯಲಿ ಎಂದು ಕಾಯುವುದನ್ನು ನೋಡುತ್ತಾ ಕಾಯುವಷ್ಟು ತಾಳ್ಮೆ ನನಗಿಲ್ಲ. ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಅವರು ಹಾಗೇ ಬಸ್ಸು ಹತ್ತುವರು, ನಾನು ಮನೆಗೆ ಬಂದು ಅಡುಗೆ ಮಾಡುವವಳು. ಮಧ್ಯಾಹ್ನದ ಮೇಲೆ ತೊಳೆದು, ಒದ್ದೆ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು, ಉತ್ತರಪತ್ರಿಕೆ ತಿದ್ದುವ ಹಾಗೆ ನೋಡುತ್ತೇನೆ. ಇದು ಓರೆ, ಇದು ಪರವಾಗಿಲ್ಲ, ಇದರಲ್ಲಿ ಕಂಬ ಆ ಮನುಷ್ಯನ ತಲೆಯಿಂದಲೇ ಹುಟ್ಟಿದ ಹಾಗೆ ಉಂಟು. ಅವರು ಪಕ್ಕದಲ್ಲಿ ನಿಂತು ಹೂಂಗುಟ್ಟುತ್ತಾರೆ.

ಹಾಗೆ ನೋಡುವಾಗಲೇ ಹೋದ ವರ್ಷ ನನಗೊಂದು ಬದಲಾವಣೆ ಕಂಡಿತು. ಅವರ ಚಿತ್ರಗಳಲ್ಲಿ ಮುಂದಿನದೂ ಹಿಂದಿನದೂ ಒಂದೇ ಸಮ ಸ್ಪಷ್ಟ ಇರುವುದು ವಾಡಿಕೆ. ಬಸ್‌ಸ್ಟ್ಯಾಂಡಿನ ಹಣ್ಣಿನ ಗಾಡಿಯಲ್ಲಿ ಚಿಕ್ಕು ಲೆಕ್ಕ ಮಾಡಬಹುದು, ಹಿಂದಿನ ಲಾಡ್ಜಿನ ಮೂರನೆಯ ಮಾಳಿಗೆಯಲ್ಲಿ ಒಣಗಲು ಹಾಕಿದ ಬನಿಯನ್ನನ್ನೂ ಕಾಣಬಹುದು. ಹಾಗೆ ಬರಬೇಕಾದರೆ ಲೆನ್ಸಿನ ಕಂಡಿ ಕಿರಿದಾಗಿರಬೇಕು. ಕಿರಿದಾದರೆ ಬೆಳಕು ಸಾಲದು, ಶಟರ್ ಸ್ವಲ್ಪ ಹೆಚ್ಚು ಹೊತ್ತು ತೆರೆದಿರಬೇಕು. ಅಷ್ಟು ಹೊತ್ತು ಕೈ ಅಲುಗಬಾರದು. ಕೈಯ ವಿಷಯದಲ್ಲಿ ಅವರಿಗೆ ಎಂದೂ ತೊಂದರೆ ಇರಲಿಲ್ಲ. ಸ್ಕೇಲು ಇಲ್ಲದೆ ನೆಟ್ಟಗೆ ಗೆರೆ ಎಳೆಯುವ ಕೈ ಅದು. ಆದರೆ ಹೋದ ವರ್ಷದ ಚಿತ್ರಗಳಲ್ಲಿ ಹಣ್ಣಿನ ಗಾಡಿ ಮಾತ್ರ ಸ್ಪಷ್ಟ, ಹಿಂದಿನ ಪೇಟೆಯೆಲ್ಲ ಮಂಜು ಕವಿದ ಹಾಗೆ. ಕಂಡಿಯನ್ನು ಪೂರ್ತಿ ತೆರೆದು ಶಟರನ್ನು ಚಕ್ಕನೆ ಮುಚ್ಚಿಸುತ್ತಿದ್ದಾರೆ ಎಂದು ಗೊತ್ತಾಯಿತು.

"ಹಿಂದಿನ ಪೇಟೆ ಎಲ್ಲಿ ಹೋಯಿತು?" ಎಂದು ಕೇಳಿದೆ. ನಾವು ಮನೆಯಲ್ಲಿ ಆಡುವುದು ಕೊಂಕಣಿ, ಇಲ್ಲಿ ಕನ್ನಡದಲ್ಲಿ ಹಾಕುತ್ತಿದ್ದೇನೆ.

"ಅದು ಈಗಿನ ಸ್ಟೈಲು" ಎಂದರು.

ಎಪ್ಪತ್ತರ ಹತ್ತಿರ ಬಂದ ಮನುಷ್ಯನಿಗೆ ಇದ್ದಕ್ಕಿದ್ದ ಹಾಗೆ ಸ್ಟೈಲು ಬಂದರೆ ಹೆಂಡತಿಗೆ ಸಂಶಯ ಬರದೆ ಇರುತ್ತದೆಯೇ? ಆದರೆ ಏನೆಂದು ಸಂಶಯಪಡುವುದು ಎಂದು ಆಗ ತಿಳಿಯಲಿಲ್ಲ.

ಅದು ಬಯಲಾದದ್ದು ಮಳೆಗಾಲದಲ್ಲಿ. ಜುಲೈಯ ಒಂದು ಭಾನುವಾರ ಕಾರ್ಕಳದಿಂದ ಒಂದು ರೋಲು ತಂದರು. ಹಗಲಲ್ಲೇ ಅಂಗಡಿಗಳವರು ದೀಪ ಹಾಕುವಂಥ ಕತ್ತಲು ಆ ದಿನ. ಅಂಥ ಬೆಳಕಿನಲ್ಲಿ ಕಂಡಿ ಪೂರ್ತಿ ತೆರೆದರೂ ಸಾಲುವುದಿಲ್ಲ, ಶಟರ್ ತೆರೆದಿರಲೇಬೇಕು. ತೊಳೆದು ಕಿಟಕಿಗೆ ಹಿಡಿದೆ. ನೆಗೆಟಿವ್‌ನಲ್ಲಿ ದೀಪಗಳು ಕಪ್ಪು ಚುಕ್ಕಿಗಳಾಗಿ ಬರುತ್ತವೆ. ಆ ಚುಕ್ಕಿಗಳಿಗೆಲ್ಲ ಒಂದೊಂದು ಬಾಲ ಇತ್ತು. ಅಂಗಡಿಯ ದೀಪಕ್ಕೂ ಬಾಲ, ಬಸ್ಸಿನ ದೀಪಕ್ಕೂ ಬಾಲ, ಬೇಕರಿಯ ಸಾಲು ಬಲ್ಬುಗಳು ಗದ್ದೆಯ ನೀರಿನ ಗೊದಮೊಟ್ಟೆಗಳ ಹಾಗೆ. ಬಸ್ಸು ಓಡಿದ್ದರೆ ಬಸ್ಸಿಗೆ ಮಾತ್ರ ಬಾಲ ಬರಬೇಕು. ಎಲ್ಲದಕ್ಕೂ ಒಂದೇ ಆಕಾರದ ಬಾಲ ಎಂದರೆ ಅಲುಗಿದ್ದು ಕ್ಯಾಮೆರಾ. ಒಂದರಲ್ಲಲ್ಲ, ಇಡೀ ರೋಲಿನಲ್ಲಿ.

ಅವರು ಬಂದು ನೋಡಿದರು. "ನಿನ್ನ ನೀರು ಬಿಸಿ ಇತ್ತು" ಎಂದರು.

"ಮಳೆಗಾಲದಲ್ಲಿ ಯಾವ ಬಿಸಿ?"

"ಹಾಗಾದರೆ ತೊಳೆಯುವ ಮದ್ದು ಹಳತಾಗಿದೆ."

ನನಗೆ ರೇಗಿತು. ನಲವತ್ತು ವರ್ಷ ತೊಳೆದವಳ ಮೇಲೆ ತಪ್ಪು ಹೊರಿಸಿದರೆ ಯಾರಿಗೆ ರೇಗುವುದಿಲ್ಲ? "ಮದ್ದು ಹಳತಾದರೆ ಚಿತ್ರ ತೆಳು ಬರುತ್ತದೆ, ದೀಪಕ್ಕೆ ಬಾಲ ಹುಟ್ಟುವುದಿಲ್ಲ" ಎಂದು ಜೋರಾಗಿಯೇ ಹೇಳಿದೆ. ಅವರು ಬಲಗೈಯನ್ನು ಪ್ಯಾಂಟಿನ ಕಿಸೆಯೊಳಗೆ ಇಟ್ಟುಕೊಂಡು ನಿಂತಿದ್ದರು. ಮನೆಯೊಳಗೆ, ಚಹಾದ ಹೊತ್ತಿಗೆ, ಕೈಯನ್ನು ಕಿಸೆಯಲ್ಲಿಟ್ಟು ನಿಲ್ಲುವ ಅಭ್ಯಾಸ ಅವರಿಗೆ ಯಾವಾಗ ಬಂತು ಎಂದು ಯೋಚಿಸಿದೆ. ಚಹಾವನ್ನು ಲೋಟದ ಅರ್ಧಕ್ಕೆ ಮಾತ್ರ ಹಾಕು ಎಂದು ಹೇಳುತ್ತಿದ್ದದ್ದು ನೆನಪಾಯಿತು. ಸಕ್ಕರೆ ಕಾಯಿಲೆಯ ಹೆದರಿಕೆ ಎಂದು ನಾನು ತಿಳಿದಿದ್ದೆ.

"ಕೈ ತೆಗೆಯಿರಿ ನೋಡುವ" ಎಂದೆ.

ತೆಗೆದರು. ನಾವಿಬ್ಬರೂ ಸ್ವಲ್ಪ ಹೊತ್ತು ಅದನ್ನೇ ನೋಡಿದೆವು. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ. "ಈಸ್ಟರ್‌ಗಿಂತ ಮೊದಲೇ ಶುರುವಾದದ್ದು. ನಿನಗೆ ಹೇಳಿದರೆ ಹೊರಗೆ ಬಿಡ್ಲಿಕ್ಕಿಲ್ಲ ಅಂತ ಹೇಳಲಿಲ್ಲ" ಎಂದರು.

ಮಣಿಪಾಲದಲ್ಲಿ ನರದ ಡಾಕ್ಟರಿಗೆ ತೋರಿಸಿದೆವು. ಜೀವಕ್ಕೆ ಅಪಾಯವಿಲ್ಲ, ಆದರೆ ಇದು ಗುಣವಾಗುವ ನಡುಕವಲ್ಲ, ವರ್ಷ ಹೋದ ಹಾಗೆ ಹೆಚ್ಚಬಹುದು, ಮಾತ್ರೆಯಿಂದ ಸ್ವಲ್ಪ ಹಿಡಿತ ಸಿಗುತ್ತದೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ಹೊರಗೆ ಬಂದು ಚಹಾ ಕುಡಿಯಲು ಕೂತೆವು. ಸುತ್ತ ಹುಡುಗ ಹುಡುಗಿಯರ ಗಲಾಟೆ. ಇನ್ನೊಂದು ದಿನವಾಗಿದ್ದರೆ ಇವರ ತಲೆ ಕ್ಯಾಮೆರಾದ ಮೇಲೆ ಬಗ್ಗಿ ಆಗುತ್ತಿತ್ತು. ಆ ದಿನ ಕ್ಯಾಮೆರಾ ತಂದಿರಲಿಲ್ಲ.

"ಯಾರಾದರೂ ಕೇಳಿದರೆ ಕೊಟ್ಟುಬಿಡುವ" ಎಂದರು.

 ಮನೆಗೆ ಬಂದವರೇ ಕ್ಯಾಮೆರಾವನ್ನು ಚರ್ಮದ ಚೀಲಕ್ಕೆ ಹಾಕಿ ಕಪಾಟಿನ ಮೇಲೆ ಇಟ್ಟರು. ಆ ಮೇಲಿನ ಭಾನುವಾರಗಳಲ್ಲಿ ಪೂಜೆ ಮುಗಿಸಿ ನನ್ನ ಜೊತೆಗೇ ಮನೆಗೆ ಬಂದು, ಒಂದೇ ಪೇಪರನ್ನು ಎರಡೆರಡು ಸಲ ಓದುತ್ತಿದ್ದರು. ಮೀನು ಹುರಿಯುವಾಗ ಹಿಂದೆ ಬಂದು ನಿಂತು, ಎಣ್ಣೆ ಹೆಚ್ಚಾಯಿತು ಎನ್ನುತ್ತಿದ್ದರು. ನನಗೆ ಅವರ ಕೈ ನಡುಗುವುದಕ್ಕಿಂತ ಹೆಚ್ಚು ಹೆದರಿಕೆಯಾದದ್ದು ಇದಕ್ಕೆ. ಊರೆಲ್ಲ ಸುತ್ತಿ ಬಂದು ವರದಿ ಒಪ್ಪಿಸುತ್ತಿದ್ದ ಮನುಷ್ಯ ಹೀಗೆ ಕುರ್ಚಿಗೆ ಅಂಟಿಕೊಂಡರೆ ಎದ್ದು ಬರುವವರಲ್ಲ ಎಂದು ನನಗೆ ಗೊತ್ತು. ಸಮಾಧಾನದ ಮಾತು ಹೇಳಿ ನೋಡಿದೆ. ಮಗಳೂ ಹೇಳಿದಳು. ಅದು ಅವರ ಕಿವಿಗೆ ಹೋಗಲಿಲ್ಲ.

ಕೊನೆಗೆ ನನಗೆ ಒಂದು ಹಿಡಿತ ಸಿಕ್ಕಿತು. ಕ್ಯಾಮೆರಾದೊಳಗೆ, ಡಾಕ್ಟರಿಗೆ ತೋರಿಸುವ ಮೊದಲು ಹಾಕಿದ ಒಂದು ರೋಲು ಅರ್ಧ ಉಳಿದಿತ್ತು.

"ಅದನ್ನು ತೆಗೆದು ತೊಳೆದುಬಿಡು" ಎಂದರು.

"ಅರ್ಧ ರೋಲಿಗೆ ಇಡೀ ರೋಲಿನ ಮದ್ದು ಬೇಕು. ನಾನು ತೊಳೆಯುವುದಿಲ್ಲ. ಒಳಗೇ ಬಿಟ್ಟರೆ ಬೂಷ್ಟು ಹಿಡಿಯುತ್ತದೆ, ಕೊಟ್ಟರೂ ಯಾರೂ ತೆಗೆದುಕೊಳ್ಳುವುದಿಲ್ಲ. ಮುಗಿಸಿ ಬನ್ನಿ, ಮತ್ತೆ ಯಾರಿಗೆ ಬೇಕಾದರೂ ಕೊಡಿ" ಎಂದೆ. ಅವರಿಗೆ ಯಾವ ನಕ್ಷೆಯನ್ನೂ ಅರ್ಧಕ್ಕೆ ಬಿಟ್ಟು ಗೊತ್ತಿಲ್ಲ. ಗೊಣಗಿದರು, ಆದರೆ ಕಪಾಟಿನ ಮೇಲಿಂದ ಇಳಿಸಿದರು. ಮಗಳು ಯಾರಿಂದಲೋ ಮೂರು ಕಾಲಿನ ಸ್ಟ್ಯಾಂಡು ಒಂದನ್ನು ಕೇಳಿ ತಂದುಕೊಟ್ಟಳು. ಮಳೆ ಬಿಟ್ಟ ಮೇಲೆ ಒಂದು ಶನಿವಾರ ಮಧ್ಯಾಹ್ನ ಇಬ್ಬರೂ ಕಾರ್ಕಳದ ಬಸ್ಸು ಹತ್ತಿದೆವು. ಸ್ಟ್ಯಾಂಡನ್ನು ಹೊತ್ತವಳು ನಾನು.

ಕಾರ್ಕಳದ ಪೇಟೆಯಲ್ಲಿ ರಸ್ತೆಯ ಬದಿಗೆ ಸ್ಟ್ಯಾಂಡು ಹೂಡಿ, ಅದರ ಮೇಲೆ ಕ್ಯಾಮೆರಾ ಕೂರಿಸಿ, ಅವರು ತಲೆ ಬಗ್ಗಿಸಿದರು. ಎರಡು ನಿಮಿಷ ಆಗಿರಲಿಲ್ಲ, ಬಟ್ಟೆ ಅಂಗಡಿಯಿಂದ ಯಜಮಾನರೊಬ್ಬರು ಇಳಿದು ಬಂದರು. ಬಹಳ ಮರ್ಯಾದೆಯಿಂದ, "ಸಾರ್, ನಮ್ಮ ಬದಿಯಿಂದ ಎಷ್ಟು ಹೋಗ್ತದೆ?" ಎಂದು ಕೇಳಿದರು.

"ಎಂತದು ಹೋಗುವುದು?" ಎಂದರು ಇವರು.

"ಮೀಟರ್ ಲೆಕ್ಕದಲ್ಲಿ ಹೇಳಿದ್ರೂ ಆಗ್ತದೆ ಸಾರ್. ನಮ್ಮದು ಹಿಂದೆ ಗೋಡೆ, ಜಾಗ ಇಲ್ಲ. ಎದುರಿನವರದ್ದು ಹಿಂದೆ ಬೇಕಾದಷ್ಟು ಖಾಲಿ ಉಂಟು."

ಬಜಗೋಳಿಯ ಕಡೆ ರಸ್ತೆ ಅಗಲ ಮಾಡುತ್ತಿದ್ದಾರೆ, ಇನ್ನು ಪೇಟೆಯ ಸರದಿ ಎಂದು ಅಲ್ಲಿ ಸುದ್ದಿ ಹಬ್ಬಿತ್ತಂತೆ. ಮೂರು ಕಾಲಿನ ಸ್ಟ್ಯಾಂಡು, ಅದರ ಮೇಲೊಂದು ಪೆಟ್ಟಿಗೆ, ಪೆಟ್ಟಿಗೆಯೊಳಗೆ ಇಣುಕುವ ಬಿಳಿ ತಲೆಯ ಮನುಷ್ಯ, ಪಕ್ಕದಲ್ಲಿ ಚೀಲ ಹಿಡಿದು ಗಂಭೀರವಾಗಿ ನಿಂತ ಹೆಂಗಸು. ಸರ್ವೆಯವರಲ್ಲದೆ ಬೇರೆ ಯಾರಾಗಲಿಕ್ಕೆ ಸಾಧ್ಯ? ಅಷ್ಟರಲ್ಲಿ ಎದುರಿನ ಅಂಗಡಿಯವರೂ ರಸ್ತೆ ದಾಟಿ ಬಂದರು. ಕೈಯಲ್ಲಿ ಎರಡು ಗ್ಲಾಸು ಕಲ್ಲಂಗಡಿ ಜ್ಯೂಸು. "ಅವರು ಹೇಳುವುದು ಕೇಳಬೇಡಿ ಸಾರ್. ಹಿಂದಿನ ಖಾಲಿ ಜಾಗ ನಮ್ಮದಲ್ಲ, ತಮ್ಮನ ಪಾಲಿನದ್ದು" ಎಂದರು.

"ನಾವು ಸುಮ್ಮನೆ ಫೋಟೊ ತೆಗೆಯುವುದು ಮಾರಾಯ್ರೆ" ಎಂದರು ಇವರು.

"ಮೊದಲು ಫೋಟೊ ಅಂತಲೇ ಹೇಳುವುದಲ್ವಾ ಸಾರ್" ಎಂದರು ಬಟ್ಟೆ ಅಂಗಡಿಯವರು, ಸ್ವಲ್ಪ ಬೇಸರದಿಂದ. "ನೋಟೀಸು ಮತ್ತೆ ಬರುವುದು."

ನನಗೆ ನಗು ತಡೆಯಲಿಕ್ಕಾಗದೆ ಜ್ಯೂಸಿನ ಗ್ಲಾಸಿಗೆ ಮುಖ ಹಾಕಿದೆ. ಸುತ್ತ ಜನ ಸೇರಿದರು. ಯಾರೋ ಒಬ್ಬರು ಚರಂಡಿಯ ವಿಷಯವನ್ನೂ ಬರೆದುಕೊಳ್ಳಿ ಎಂದರು. ಇವರು ಸ್ಟ್ಯಾಂಡಿನ ತಿರುಪು ಬಿಚ್ಚಲು ಹೋದರು. ಬೆರಳು ಮಾತು ಕೇಳಲಿಲ್ಲ, ತಿರುಪಿನ ಸುತ್ತ ಜಾರಿತು. ಜನ ಅದನ್ನು ನೋಡಿದರು. ನಾನೇ ಬಿಚ್ಚಿ ಮಡಚಿದೆ. ಇಬ್ಬರೂ ಬಸ್‌ಸ್ಟ್ಯಾಂಡಿನ ಕಡೆ ನಡೆದೆವು.

"ಸಾಕು. ಮನೆಗೆ ಹೋಗುವ" ಎಂದರು. ಅವರ ಮುಖ ನೋಡಿದರೆ ಈ ಬಾರಿ ಕಪಾಟಿನ ಮೇಲೂ ಇಡುವವರಲ್ಲ, ಯಾರಿಗಾದರೂ ಕೊಟ್ಟೇಬಿಡುವವರು ಎಂದು ತಿಳಿಯಿತು.

ನಾನು ರಸ್ತೆಯ ಬದಿಗೆ ನಿಂತುಬಿಟ್ಟೆ. "ನನ್ನ ಭುಜದ ಮೇಲೆ ಇಡಿ" ಎಂದೆ.

"ನಿನಗೆ ಎಂತ ಮರ್ಲಾ, ತಲೆ ಸರಿ ಇಲ್ವಾ? ಜನ ನೋಡುವುದಿಲ್ವಾ?"

"ಇಷ್ಟು ವರ್ಷ ನೀವು ಜನರನ್ನು ನೋಡಿದ್ದೀರಿ, ಒಂದು ದಿನ ಅವರು ನೋಡಲಿ. ಇಡಿ."

ನಮ್ಮ ಮದುವೆಯ ದಿನ ಫೋಟೊಗ್ರಾಫರ್ ಒತ್ತಾಯ ಮಾಡಿದ್ದಕ್ಕೆ ಅವರು ನನ್ನ ಭುಜದ ಮೇಲೆ ಕೈ ಇಟ್ಟಿದ್ದರು. ಆಮೇಲೆ ನಾಲ್ಕು ಜನರೆದುರು ನನ್ನನ್ನು ಮುಟ್ಟಿದವರಲ್ಲ. ರಸ್ತೆಯಲ್ಲಿ ನಡೆದರೂ ನಾಲ್ಕು ಹೆಜ್ಜೆ ಮುಂದೆ. ಅವರು ಆಚೀಚೆ ನೋಡಿ, ನನ್ನ ಹಿಂದೆ ಬಂದು ನಿಂತು, ಕ್ಯಾಮೆರಾವನ್ನು ನನ್ನ ಬಲ ಭುಜದ ಮೇಲೆ ಇಟ್ಟರು. ನಾನು ಗಿಡ್ಡ. ಗಾಜು ಅವರ ಗದ್ದದ ಕೆಳಗೆ ಸರಿಯಾಗಿ ಬಂತು.

ಆಗ ಅವರ ನಡುಕ ಆ ಪೆಟ್ಟಿಗೆಯ ಮೂಲಕ ನನ್ನ ಎಲುಬಿಗೆ ಇಳಿಯಿತು. ಅದುವರೆಗೆ ನಾನು ಅದನ್ನು ನೋಡಿದ್ದೆ ಮಾತ್ರ. ಇಷ್ಟು ಸಣ್ಣದು, ಇಷ್ಟು ಬಿಡದ್ದು ಎಂದು ಗೊತ್ತಿರಲಿಲ್ಲ. ಇದನ್ನು ಕಿಸೆಯೊಳಗೆ ಇಟ್ಟುಕೊಂಡು ತಿಂಗಳುಗಟ್ಟಲೆ ನನ್ನೆದುರು ನಗುತ್ತಾ ಓಡಾಡಿದರಲ್ಲ ಎಂದು ಅವರ ಮೇಲೆ ಅಯ್ಯೋ ಎನಿಸಿತು, ಬಹಳ ಪ್ರೀತಿಯೂ ಬಂತು. ನಾನು ಕೈ ಎತ್ತಿ ಕ್ಯಾಮೆರಾವನ್ನು ಎರಡೂ ಬದಿಯಿಂದ ಹಿಡಿದೆ.

"ಕೈ ಬಿಡಿ" ಎಂದೆ.

"ಬಿಟ್ಟರೆ ಬೀಳ್ತದೆ."

"ನಾನು ಹಿಡಿದಿದ್ದೇನೆ. ನೀವು ವಯರು ಮಾತ್ರ ಒತ್ತಿ."

ಶಟರಿಗೆ ಸಿಕ್ಕಿಸುವ ಒಂದು ಉದ್ದದ ವಯರು ಉಂಟು. ಅದರ ತುದಿ ಒತ್ತಿದರೆ ಕೈಯ ಅಲುಗಾಟ ಕ್ಯಾಮೆರಾಕ್ಕೆ ಮುಟ್ಟುವುದಿಲ್ಲ. ಆದರೆ ಕ್ಯಾಮೆರಾವನ್ನು ಬೇರೆಯವರ ಕೈಗೆ ಕೊಟ್ಟು ಅವರು ಎಂದೂ ಫೋಟೊ ತೆಗೆದವರಲ್ಲ. ಸ್ವಲ್ಪ ಹೊತ್ತು ಹಾಗೇ ನಿಂತರು. ಮತ್ತೆ ಒಂದು ಕೈ ಬಿಟ್ಟರು. ಮತ್ತೆ ಇನ್ನೊಂದು. ನನ್ನ ಎಲುಬಿನಲ್ಲಿ ನಡುಕ ನಿಂತಿತು.

"ಉಸಿರು ಹಿಡಿ" ಎಂದರು ಹಿಂದಿನಿಂದ.

ಹಿಡಿದೆ. ನನ್ನ ಕಿವಿಯ ಪಕ್ಕದಲ್ಲೇ ಟಿಕ್ ಎಂದಿತು. ಇಷ್ಟು ವರ್ಷ ಆ ಕ್ಯಾಮೆರಾದ ಚಿತ್ರಗಳನ್ನೆಲ್ಲ ತೊಳೆದ ನಾನು ಅದರ ಸದ್ದನ್ನು ಅಷ್ಟು ಹತ್ತಿರದಿಂದ ಕೇಳಿದ್ದು ಅದೇ ಮೊದಲು. ಹಲ್ಲಿ ಲೊಚಗುಟ್ಟಿದ್ದಕ್ಕಿಂತಲೂ ಸಣ್ಣ ಸದ್ದು.

ದೀಪ ಹಚ್ಚುವ ಹೊತ್ತಿನವರೆಗೂ ಅಲ್ಲೇ ಇದ್ದೆವು. ಅವರು ಹಿಂದಿನಿಂದ ಸ್ವಲ್ಪ ಎಡಕ್ಕೆ ಎನ್ನುವರು, ಗಾಜಿನ ಎಡವೋ ರಸ್ತೆಯ ಎಡವೋ ಎಂದು ನಾನು ಜಗಳ ತೆಗೆಯುವೆ. ಒಬ್ಬ ಕಂಡಕ್ಟರ್ ಬಸ್ಸಿನ ಬಾಗಿಲಿನಿಂದ ಬಗ್ಗಿ, "ಅಜ್ಜ, ಅಜ್ಜಿಗೆ ಭಾರ ಆಗ್ತದೆ, ಟಿಕೆಟ್ ತೆಗೆದು ಒಳಗೆ ಕೂತುಕೊಳ್ಳಿ" ಎಂದ. ಆಗ ಶಟರ್ ತೆರೆದಿತ್ತು. ನಾನು ನಕ್ಕುಬಿಟ್ಟೆ.

ಮರುದಿನ ಪೂಜೆ ಮುಗಿಸಿ ಬಂದವಳೇ ಬಚ್ಚಲುಮನೆ ಸೇರಿದೆ. ತೊಳೆದು ಮುಗಿಸಿ, ಹೊಸ ಅರ್ಧವನ್ನು ಕಿಟಕಿಗೆ ಹಿಡಿದು, ಕನ್ನಡಕದ ಮೇಲೆ ಭೂತಗನ್ನಡಿ ಇಟ್ಟು ನೋಡಿದೆ. ಬೇಕರಿಯ ಬಲ್ಬುಗಳು ಸಾಸಿವೆ ಕಾಳಿನ ಹಾಗೆ ಒಂದೊಂದೂ ಗುಂಡಗೆ. ಹಿಂದಿನ ಪೇಟೆ ಪೂರ್ತಿ ವಾಪಸು ಬಂದಿತ್ತು. ಮಾಳಿಗೆಗಳು, ವಯರುಗಳು, ಒಬ್ಬರ ಕೈಯ ಛತ್ರಿಯ ಕಡ್ಡಿಗಳು ಕೂಡ.

ಹೊರಗೆ ಬಂದೆ. ಅವರು ಪೇಪರಿನ ಹಿಂದೆ ಮುಖ ಇಟ್ಟುಕೊಂಡು ಕೂತಿದ್ದರು. ಪೇಪರು ಅಲ್ಲಾಡುತ್ತಿತ್ತು. ಕೇಳಲಿಕ್ಕೆ ಅವರಿಗೆ ಧೈರ್ಯವಿಲ್ಲ. ನಾನು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡೆ.

"ಬಾಲ ಇಲ್ಲ" ಎಂದೆ ಕೊನೆಗೆ.

"ಒಂದಕ್ಕೂ ಇಲ್ವಾ?"

"ಒಂದರಲ್ಲಿ ಉಂಟು. ಅದು ನಿಮ್ಮದಲ್ಲ, ನನ್ನದು. ಕಂಡಕ್ಟರ್ ನಗಿಸಿದ್ದು."

ಪೇಪರನ್ನು ಮಡಚಿ ಇಟ್ಟರು. ನನ್ನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ಅಳತೆ ಮಾಡುವವರ ಹಾಗೆ ನೋಡಿದರು.

"ಬರುವ ಭಾನುವಾರ ಕಾಪುವಿಗೆ ಹೋಗುವ. ಆದರೆ ನೀನು ಆ ಎತ್ತರ ಹಿಮ್ಮಡಿಯ ಚಪ್ಪಲಿ ಹಾಕಬೇಡ. ಒಂದು ಬೆರಳು ಎತ್ತರ ಆಗ್ತೀ" ಎಂದರು.

ಆಗಲಿ ಎಂದೆ. ಬಕೆಟ್ಟಿನ ನೀರು ಚೆಲ್ಲಲಿಕ್ಕುಂಟು ಎಂದು ಹೇಳಿ ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಕತ್ತಲು ಮಾಡಿಕೊಳ್ಳುವ ಅಗತ್ಯ ಏನೂ ಇರಲಿಲ್ಲ, ಆದರೂ ದೀಪ ಆರಿಸಿ ಕಣ್ಣು ಒರೆಸಿಕೊಂಡೆ.